ಮಾವ, ಹಿರಣ್ಯಕಶಿಪು ಮತ್ತು ತ್ರೀಡಿ ಕನ್ನಡಕ

ಸೋದರಮಾವ ಅಫಜಲಪುರ ಕಡೆಯ ಹಳ್ಳಿಯಿಂದ ಕಲಬುರಗಿಗೆ ಬಂದದ್ದು ಶ್ರಾವಣ ಸೋಮವಾರ ಶರಣಬಸವೇಶ್ವರ ಗುಡಿಗೆ ಹೋಗಲು. ಆದರೆ ಒಂದು ದಿನ ಮೊದಲೇ ಬಂದುಬಿಟ್ಟರು. ಆ ಭಾನುವಾರ ಅಕ್ಕನ ಮಗ ಬೆಳಿಗ್ಗೆಯಿಂದಲೇ ಹಟ ಹಿಡಿದು ಕೂತಿದ್ದ. ಅವನಿಗೆ ‘ಮಹಾವತಾರ್ ನರಸಿಂಹ’ ನೋಡಬೇಕಿತ್ತು, ಅದೂ ತ್ರೀಡಿಯಲ್ಲೇ. 2025ರ ಜುಲೈ 25ಕ್ಕೆ ಬಂದ ಸಿನಿಮಾ. ಅವನ ಕ್ಲಾಸಿನವರೆಲ್ಲ ಆಗಲೇ ನೋಡಿ ಮುಗಿಸಿದ್ದರಂತೆ. ಮಾವನೊಬ್ಬರನ್ನೇ ಮನೆಯಲ್ಲಿ ಬಿಟ್ಟು ಹೋಗೋದು ಹೇಗೆ? ಅವರಿಗೂ ಸೇರಿಸಿ ಟಿಕೆಟ್ ಬುಕ್ ಮಾಡಿದೆ.

ಕಾರ್ಟೂನ್ ಸಿನಿಮಾಕ್ಕೆ ಈ ವಯಸ್ಸಿನವರು ಬರುತ್ತಾರಾ ಅಂತ ಹುಡುಗನಿಗೆ ಅನುಮಾನ. ಅವನಿಗೆ ಒಂದು ವಿಷಯ ಗೊತ್ತಿರಲಿಲ್ಲ. ಹರೆಯದಲ್ಲಿ ಮಾವ ಊರಿನ ದೊಡ್ಡಾಟದಲ್ಲಿ, ಅಂದರೆ ರಾತ್ರಿಯಿಡೀ ನಡೆಯುವ ಬಯಲಾಟದಲ್ಲಿ, ಹಿರಣ್ಯಕಶಿಪುವಿನ ವೇಷ ಹಾಕುತ್ತಿದ್ದರು. ಊರಲ್ಲಿ ಈಗಲೂ ಹಳಬರು ಅವರನ್ನು ಆ ಹೆಸರಿನಿಂದಲೇ ಕರೆಯುತ್ತಾರೆ. ಸಿಟ್ಟು ಬಂದಾಗ ಅತ್ತೆಯೂ ಕರೆಯುತ್ತಾರೆ.

ಥಿಯೇಟರಿನಲ್ಲಿ ಮೊದಲ ಗದ್ದಲ ಕನ್ನಡಕದ್ದು. ಮಾವನಿಗೆ ಮೊದಲೇ ದಪ್ಪ ಕನ್ನಡಕ. ಅದರ ಮೇಲೆ ತ್ರೀಡಿ ಕನ್ನಡಕ ಕೂರುತ್ತಿರಲಿಲ್ಲ. ಕೊನೆಗೆ ಹೆಗಲ ಮೇಲಿನ ಟವೆಲ್ ತೆಗೆದು ತಲೆಗೆ ಸುತ್ತಿ, ಎರಡೂ ಕನ್ನಡಕ ಸೇರಿಸಿ ಬಿಗಿದುಕೊಂಡರು. ನಮ್ಮ ಸಾಲಿನ ಹುಡುಗಿಯರು ನಕ್ಕರು. ಮಾವ ಅವರತ್ತ ತಿರುಗಿ, "ನಗಬ್ಯಾಡ್ರವ್ವ, ಕಿರೀಟ ಕಟ್ಟಿದ ತಲಿ ಇದು" ಅಂದರು.

ಸಿನಿಮಾ ಶುರುವಾಗುವುದು ಕಶ್ಯಪ ಮತ್ತು ದಿತಿಯಿಂದ. ಸಂಜೆಯ ಹೊತ್ತಲ್ಲದ ಹೊತ್ತಿನಲ್ಲಿ ದಿತಿ ಗಂಡನ ಬಳಿ ಬರುತ್ತಾಳೆ. ಅದರ ಫಲ ಇಬ್ಬರು ಅಸುರ ಮಕ್ಕಳು. ಆಮೇಲೆ ವರಾಹ, ಹಿರಣ್ಯಾಕ್ಷನ ವಧೆ. ಆಮೇಲೆ ಅಣ್ಣನ ತಪಸ್ಸು, ವರ, ಪ್ರಹ್ಲಾದ. ನಿಜ ಹೇಳಬೇಕೆಂದರೆ ಮೊದಲರ್ಧದಲ್ಲಿ ಗೊಂಬೆಗಳ ಮುಖ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಕಣ್ಣು ಮಿನುಗುತ್ತವೆ, ಕೆನ್ನೆ ಅಲುಗುವುದಿಲ್ಲ. ಆದರೆ ಕೊನೆಯ ಭಾಗ ಬಂತು ನೋಡಿ. ಕಂಬ ಒಡೆಯಿತು. ಹಿಂದಿನ ಸಾಲಿನವರು ಎದ್ದು ನಿಂತು ಕೈ ಮುಗಿದರು. ಚಪ್ಪಲಿ ಕಳಚಿ ಸೀಟಿನ ಕೆಳಗೆ ತಳ್ಳಿದವರೂ ಇದ್ದರು. ಅಕ್ಕನ ಮಗ ಸೀಟಿನ ಮೇಲೇ ಹತ್ತಿದ. ಯುದ್ಧ ನಡೆಯಿತು, ನಡೆಯಿತು, ಇನ್ನೂ ನಡೆಯಿತು. ನೆಲ ಬಿರಿಯಿತು, ಬೆಟ್ಟ ಉರುಳಿತು. ನನಗೂ ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ?

ಮಾವ ಮಾತ್ರ ಕೈ ಕಟ್ಟಿ ಕೂತಿದ್ದರು.

ಹೊರಗೆ ಬಂದರೆ ಸಣ್ಣ ಮಳೆ. ಸೂಪರ್ ಮಾರ್ಕೆಟ್ ಹತ್ತಿರ ನನ್ನ ಖಾಯಂ ಚಾ ಅಂಗಡಿಗೆ ಕರೆದುಕೊಂಡು ಹೋದೆ. ಮಿರ್ಚಿ ಭಜಿ ಹೇಳಿದೆ. ಹುಡುಗ ತಡೆಯಲಾರದೆ ಕೇಳಿದ, "ಅಜ್ಜಾ, ಹೆಂಗಿತ್ತು?"

"ಸಿಂಹ ಛಲೋ ಇತ್ತು," ಅಂದರು ಮಾವ. "ಅಪ್ಪಗ ಮಾತಾಡ್ಲಾಕ ಬಿಡಲಿಲ್ಲ."

ಹುಡುಗನ ಮುಖ ಸಪ್ಪಗಾಯಿತು. ಆದರೆ ಪಕ್ಕದ ಬೆಂಚಿನವರಿಗೆ ಅಷ್ಟೇ ಸಾಕಾಯಿತು. ಅವರೂ ಅದೇ ಶೋ ನೋಡಿ ಬಂದವರು. ನಮ್ಮ ಕಡೆ ಸಿನಿಮಾ ಬಗ್ಗೆ ಅಭಿಪ್ರಾಯ ಹೇಳಲು ಪರಿಚಯ ಬೇಕಿಲ್ಲ, ಅಲ್ವಾ? ಸೇಡಂ ಕಡೆಯ ಹಿರಿಯರೊಬ್ಬರು ಕಪ್ಪು ಕೆಳಗಿಟ್ಟು, "ಹಿರಣ್ಯಕಶಿಪು ಅಂದ್ರ ಎಸ್. ವಿ. ರಂಗಾರಾವ್, ಮುಗೀತು" ಅಂದರು. 1967ರ ತೆಲುಗು ‘ಭಕ್ತ ಪ್ರಹ್ಲಾದ’. ಅದರಲ್ಲಿ ಬಾಲಮುರಳಿಕೃಷ್ಣ ನಾರದ, ಪುಟ್ಟ ರೋಜಾ ರಮಣಿ ಪ್ರಹ್ಲಾದ. ಸೇಡಂ, ಗುರುಮಠಕಲ್ ಕಡೆಯವರಿಗೆ ತೆಲುಗು ಮನೆಯ ಭಾಷೆಯ ಹಾಗೆಯೇ. ಅವರ ಪ್ರಕಾರ ಪ್ರಹ್ಲಾದನ ತಾಯಿಯ ಹೆಸರು ಲೀಲಾವತಿ. ನಾನು ಕಯಾಧು ಅಂದೆ. ಅವರು ಒಪ್ಪಲಿಲ್ಲ. ಪೋತನನ ತೆಲುಗು ಭಾಗವತದಲ್ಲಿ ಲೀಲಾವತಿ, ಸಂಸ್ಕೃತದಲ್ಲಿ ಕಯಾಧು. ಹಾಗಾಗಿ ಇಬ್ಬರದೂ ಸರಿ. ಆದರೆ ಭಜಿ ತಿನ್ನುವಾಗ ಇಬ್ಬರದೂ ಸರಿ ಅಂದರೆ ಮಜಾ ಇರುವುದಿಲ್ಲ. ಇನ್ನೊಂದು ಸುತ್ತು ವಾದ ಮಾಡಿದೆವು.

ಚಾ ಅಂಗಡಿಯ ಚಾಚಾ ಕನ್ನಡದವರ ಕಡೆ ನಿಂತರು. "ರಾಜಕುಮಾರ್ ಸಾಬ್ ಮುಂದ ಯಾರದೂ ನಡಿಯಂಗಿಲ್ಲ." 1983ರ ‘ಭಕ್ತ ಪ್ರಹ್ಲಾದ’. ಅಪ್ಪ ರಾಜಕುಮಾರ್, ಮಗ ಪುನೀತ್. ನಿಜವಾದ ಅಪ್ಪ, ನಿಜವಾದ ಮಗ. ಇದನ್ನು ಯಾವ ಗ್ರಾಫಿಕ್ಸಿನಲ್ಲೂ ಕಟ್ಟಲಾಗದು. ಪುನೀತ್ ತೀರಿಕೊಂಡ 2021ರ ಅಕ್ಟೋಬರ್ 29ರ ನಂತರ ನನಗೆ ಆ ಸಿನಿಮಾವನ್ನು ಕಥೆಯಾಗಿ ನೋಡಲು ಆಗಿಲ್ಲ. ಹಿರಣ್ಯಕಶಿಪು ಮಗುವಿನ ತಲೆ ಸವರಿದರೆ ಪುರಾಣ ಹಿಂದೆ ಸರಿಯುತ್ತದೆ. ಚಾಚಾ ಇಷ್ಟೆಲ್ಲ ಹೇಳಲಿಲ್ಲ. "ಬಾಪ್ ಬೇಟಾ ಇಬ್ಬರೂ ಹೋದ್ರು" ಅಂದರು, ಅಷ್ಟೆ.

ಈ ಚಾಚಾ ಅಂಥಿಂಥ ಅಭಿಮಾನಿ ಅಲ್ಲ. ಬಿ. ಆರ್. ಚೋಪ್ರಾ ಅವರ ‘ಮಹಾಭಾರತ್’ನ ಮಾತುಗಳನ್ನು ಇವತ್ತಿಗೂ ಒಪ್ಪಿಸುತ್ತಾರೆ. 1988ರ ಅಕ್ಟೋಬರ್‌ನಿಂದ 1990ರ ಜೂನ್‌ವರೆಗೆ, 94 ಕಂತು. ಅದರ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಜಾ ಅನ್ನುವುದನ್ನು ಹೊಸಬರು ಬಂದಾಗಲೆಲ್ಲ ಹೇಳುತ್ತಾರೆ. ಅಂಗಡಿಯಲ್ಲಿ ಟೀವಿ ಇತ್ತಂತೆ ಆಗ. ಭಾನುವಾರ ಬೆಳಿಗ್ಗೆ ಚಾ ಮಾರಾಟ ಜಾಸ್ತಿ, ಆದರೆ ಅರ್ಧ ಜನ ಕುಡಿದದ್ದಕ್ಕೆ ದುಡ್ಡು ಕೊಡುವುದನ್ನು ಮರೆತು ಹೋಗುತ್ತಿದ್ದರಂತೆ.

ಟೀವಿಯ ವಿಷಯ ಬಂದರೆ ನಮ್ಮೂರಿನವರಿಗೆ ಒಂದು ಸಣ್ಣ ಜಂಬ ಇದೆ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಗುಲ್ಬರ್ಗಕ್ಕೆ 1977ರಲ್ಲೇ. ಅದಕ್ಕೂ ಮೊದಲು, 1975–76ರಲ್ಲಿ, ಉಪಗ್ರಹದಿಂದ ಹಳ್ಳಿಗಳಿಗೆ ಟೀವಿ ತೋರಿಸುವ ಪ್ರಯೋಗ ದೇಶದ ಆರು ರಾಜ್ಯಗಳಲ್ಲಿ ನಡೆದಾಗ ನಮ್ಮ ಜಿಲ್ಲೆಯೂ ಅದರಲ್ಲಿತ್ತು. ಹೀಗಾಗಿ 1987ರಲ್ಲಿ ರಮಾನಂದ ಸಾಗರರ ‘ರಾಮಾಯಣ್’ ಶುರುವಾದಾಗ ನಮ್ಮವರಿಗೆ ಟೀವಿ ಹೊಸದೇನಾಗಿರಲಿಲ್ಲ. ಹಿಂದಿಯೂ ಹೊಸದಲ್ಲ, ನಿಜಾಮರ ಕಾಲದಿಂದ ಉರ್ದು ಕೇಳಿ ಬೆಳೆದ ಊರು. ಹೊಸದಾಗಿದ್ದದ್ದು ಟೀವಿಗೆ ಆರತಿ ಎತ್ತುವುದು. ಅತ್ತೆ ಎತ್ತುತ್ತಿದ್ದರು. ಮಾವ ಹಿಂದೆ ಕೂತು ರಾವಣ ಬರುವವರೆಗೆ ಕಾಯುತ್ತಿದ್ದರು. ಅರವಿಂದ ತ್ರಿವೇದಿಯ ನಗೆಗೆ ಅವರು ಪೂರ್ತಿ ಮಾರುಹೋಗಿದ್ದರು.

ಅಷ್ಟರಲ್ಲಿ ನನ್ನ ಗೆಳೆಯ, ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು, ಫೋನ್ ಮಾಡಿದ. ಅಲ್ಲೇ ಇದ್ದೇವೆ ಅಂದಾಗ ಬಂದ. ಅವನು ಪೌರಾಣಿಕ ಸಿನಿಮಾ ಅಂದರೆ ಉರಿದು ಬೀಳುತ್ತಾನೆ, ಆದರೆ ಒಂದನ್ನೂ ಬಿಡದೆ ನೋಡುತ್ತಾನೆ. 2019ರಲ್ಲಿ ದರ್ಶನ್ ದುರ್ಯೋಧನನಾಗಿ ‘ಕುರುಕ್ಷೇತ್ರ’ ಬಂದಾಗ, ರನ್ನನ ಗದಾಯುದ್ಧದ ಆಧಾರ ಅಂತ ಹೇಳಿದ್ದರು. ಅಂದಿನಿಂದ ಅವನದೊಂದೇ ತಕರಾರು. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನ ಭೀಮನ ಕೂಗು ಕೇಳಿ "ನೀರೊಳಗಿರ್ದುಂ ಬೆಮರ್ತನ್" ಅಂತ ರನ್ನ ಬರೆದ. ನೀರಿನೊಳಗೆ ಇದ್ದೂ ಬೆವರಿದ. "ಇದನ್ನು ಯಾವ ಕ್ಯಾಮೆರಾ ತೋರಿಸುತ್ತೆ ಹೇಳು? ನೀರಲ್ಲಿ ಬೆವರು ಕಾಣುತ್ತಾ?" ಪ್ರತಿ ಸಲವೂ ಇದೇ ಪ್ರಶ್ನೆ. ಆವತ್ತೂ ಕೇಳಿದ.

ಮಾವ ಅವನನ್ನೇ ನೋಡಿದರು. "ಮುಖದಾಗ ಕಾಣ್ತದ," ಅಂದರು. "ನಟ ಇರಬೇಕು."

ಮೇಷ್ಟ್ರು ಒಂದು ಕ್ಷಣ ಸುಮ್ಮನಾದ. ಅವನನ್ನು ಸುಮ್ಮನಾಗಿಸಿದವರನ್ನು ನಾನು ಹೆಚ್ಚು ಕಂಡಿಲ್ಲ.

ಆಮೇಲೆ ಮಾವ ಬಿಚ್ಚಿ ಹೇಳಿದರು. ದೊಡ್ಡಾಟದಲ್ಲಿ ಹಿರಣ್ಯಕಶಿಪು ಸುಮ್ಮನೆ ಬಂದು ನಿಲ್ಲುವ ಹಾಗಿಲ್ಲ. ಮೊದಲು ಇಬ್ಬರು ಪರದೆ ಹಿಡಿಯುತ್ತಾರೆ. ಪೇಟಿ (ಹಾರ್ಮೋನಿಯಂ), ಮದ್ದಳೆ ಏರುತ್ತವೆ. ಕಿರೀಟ, ಭುಜಕೀರ್ತಿ, ಎದೆಹಾರ ಎಲ್ಲ ಹೊತ್ತು ಪರದೆಯ ಹಿಂದೆ ಕುಣಿಯಬೇಕು. ಪರದೆ ಸರಿದರೆ ಆಟದ ಸಾರಥಿ, ಅಂದರೆ ಪಾತ್ರಗಳನ್ನು ಮಾತಾಡಿಸುವವನು, ಕೇಳುತ್ತಾನೆ, ತಾವು ಯಾರು, ಯಾವ ಊರಿನವರು, ಯಾಕೆ ಬಂದಿರಿ ಅಂತ. ರಾಕ್ಷಸನಾದರೂ ಸರಿ, ತಾನು ಯಾರು ಅನ್ನೋದನ್ನು ತಾನೇ ಹೇಳಬೇಕು. ತಮ್ಮನನ್ನು ಕೊಂದ ಹರಿಯ ಮೇಲೆ ಯಾಕೆ ಸಿಟ್ಟು, ತಪಸ್ಸಿನಲ್ಲಿ ಏನು ಪಟ್ಟೆ, ಎಲ್ಲ ಹೇಳಬೇಕು. ಜನ ಕೇಳುತ್ತಾರೆ. ಮಗ ಹರಿನಾಮ ಹೇಳುವುದು ಇದೆಲ್ಲ ಆದಮೇಲೆ. ಅಷ್ಟೊತ್ತಿಗೆ ಅರ್ಧ ರಾತ್ರಿ ಆಗಿರುತ್ತದೆ, ಹೆಂಗಸರು ಅಪ್ಪನ ಕಡೆಗೂ ಒಂದಿಷ್ಟು ವಾಲಿರುತ್ತಾರೆ. "ಮಗನ ಆನಿ ಕಾಲಾಗ ಹಾಕ್ರಿ ಅನ್ನೂವಾಗ ನನ್ನ ದನಿ ನಡುಗಬೇಕು ಅಂತ ಮಾಸ್ತರ ಬಡದು ಕಲಿಸಿದ್ದ. ದನಿ ನಡುಗಲಿಲ್ಲ ಅಂದ್ರ ಅಂವ ಬರೇ ಕಟುಕ."

"ನರಸಿಂಹ?" ಹುಡುಗ ಕೇಳಿದ.

"ಅಂವ ಬೆಳಗಾಗೂ ಮುಂದ ಬರ್ತಾನ."

ಇದು ನನಗೂ ಹೊಳೆದಿರಲಿಲ್ಲ. ಹಗಲಲ್ಲ, ರಾತ್ರಿಯಲ್ಲ ಅನ್ನುವುದು ವರ. ಕಥೆಯ ನರಸಿಂಹ ಮುಸ್ಸಂಜೆಗೆ ಕೊಲ್ಲುತ್ತಾನೆ. ದೊಡ್ಡಾಟ ರಾತ್ರಿಯಿಡೀ ನಡೆಯುತ್ತದೆ, ಆದ್ದರಿಂದ ಅದರ ನರಸಿಂಹನಿಗೆ ಸಿಗುವುದು ಮುಂಜಾವು. ಮೂಡಣ ಬಿಳುಪಾಗುವವರೆಗೂ ಮಾವನ ಊರಿನ ಆಟದಲ್ಲಿ ಕಂಬ ಒಡೆಯುತ್ತಿರಲಿಲ್ಲ. ಹಿಮ್ಮೇಳದವರು ಆಕಾಶ ನೋಡಿಕೊಂಡೇ ಪದ ಎಳೆಯುತ್ತಿದ್ದರಂತೆ. ಬೆಳಕು ತಡವಾದರೆ ಅಪ್ಪ ಮಗನ ವಾದ ಇನ್ನೂ ಬೆಳೆಯುತ್ತಿತ್ತು. ಸಿನಿಮಾದವರು ಕಂಪ್ಯೂಟರಿನಲ್ಲಿ ಸಂಜೆ ಬಣ್ಣ ತುಂಬುತ್ತಾರೆ, ಚೆನ್ನಾಗಿಯೇ ತುಂಬುತ್ತಾರೆ. ಆದರೆ ಇವರಿಗೆ ಹೊತ್ತು ನಿಜವಾಗಿಯೇ ಒದಗಿ ಬರುತ್ತಿತ್ತು. ನರಸಿಂಹನ ವೇಷದವನಿಗೆ ಮೈಮೇಲೆ ಬರುತ್ತದೆ ಅಂತ ಇಬ್ಬರು ಗಟ್ಟಿ ಆಳುಗಳು ಸೊಂಟಕ್ಕೆ ಕೈ ಹಾಕಿ ಹಿಡಿದಿರುತ್ತಿದ್ದರು. ಒಮ್ಮೆ ಅವರ ಹಿಡಿತ ತಪ್ಪಿ ಮಾವನ ಎದೆಹಾರ ಕಿತ್ತು ಬಂದ ಕಥೆಯನ್ನೂ ಹೇಳಿದರು. ಅದರಲ್ಲಿ ಎಷ್ಟು ನಿಜವೋ ಅತ್ತೆಯನ್ನೇ ಕೇಳಬೇಕು.

ಮೇಷ್ಟ್ರಿಗೆ ಈಗ ಮಾತು ಸಿಕ್ಕಿತು. ಭಾಗವತದ ಏಳನೇ ಸ್ಕಂಧ ತೆಗೆದು ನೋಡಿ ಅಂದ. ಅಲ್ಲಿ ಯುದ್ಧ ಕೆಲವೇ ಶ್ಲೋಕ. ಒಮ್ಮೆ ಕೈಗೆ ಸಿಕ್ಕ ಹಿರಣ್ಯಕಶಿಪು ಜಾರಿಕೊಳ್ಳುತ್ತಾನೆ, ದೇವತೆಗಳು ಹೆದರುತ್ತಾರೆ, ಮತ್ತೆ ಹಿಡಿದು ಹೊಸ್ತಿಲಲ್ಲಿ ತೊಡೆಯ ಮೇಲೆ ಹಾಕಿ ಉಗುರಿನಿಂದ ಸೀಳುತ್ತಾನೆ. ಮುಗಿಯಿತು. ಆಮೇಲೆ ನರಸಿಂಹನ ಸಿಟ್ಟು ಇಳಿಯುವುದಿಲ್ಲ. ಲಕ್ಷ್ಮಿಯೂ ಹತ್ತಿರ ಹೋಗಲು ಹೆದರುತ್ತಾಳೆ. ಬ್ರಹ್ಮ ಹುಡುಗನನ್ನು ಕಳಿಸುತ್ತಾನೆ. ಅವನ ಸ್ತುತಿಗೆ ಒಂದು ಇಡೀ ಅಧ್ಯಾಯ. ವರ ಕೇಳು ಅಂದರೆ ಪ್ರಹ್ಲಾದ ಕೊನೆಗೆ ಕೇಳುವುದು ಏನು ಗೊತ್ತಾ? ಅಪ್ಪನ ಪಾಪ ತೊಳೆದುಹೋಗಲಿ ಅಂತ.

"ಹಾಂ," ಅಂದರು ಮಾವ. "ಅದನ್ನ ಹೇಳಿದ್ದು ನಾನು."

ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಪುರಾಣದ ಸಿನಿಮಾ ಬಂದಾಗಲೆಲ್ಲ ನಾವು ಬಡಿದಾಡುವುದು ಬಟ್ಟೆ, ಬಣ್ಣ, ಮೀಸೆ, ಗ್ರಾಫಿಕ್ಸ್ ಮೇಲೆ. ‘ಆದಿಪುರುಷ್’ ಬಂದ 2023ರಲ್ಲಿ ಜನ ಬೈದು ಸಂಭಾಷಣೆಯನ್ನೇ ಬದಲಿಸುವ ಹಾಗೆ ಮಾಡಿದರು. ಅದು ಸರಿಯಾದ ಸಿಟ್ಟೇ, ಹನುಮಂತನ ಬಾಯಲ್ಲಿ ಬೀದಿ ಮಾತು ಹಾಕಿದರೆ ಯಾರು ಸಹಿಸುತ್ತಾರೆ? ಆದರೆ ಮೂಲದಲ್ಲಿ ಇದೆಯೋ ಇಲ್ಲವೋ ಅನ್ನುವ ಜಗಳ ನನಗೆ ಅಷ್ಟು ಮುಖ್ಯ ಅನ್ನಿಸುವುದಿಲ್ಲ. ದೊಡ್ಡಾಟ ಮೂಲಕ್ಕೆ ಅಂಟಿಕೊಂಡಿತ್ತಾ? ಇಲ್ಲ. ಸಾರಥಿ ಯಾವ ಪುರಾಣದಿಂದ ಬಂದ? ಎಲ್ಲಿಂದಲೂ ಅಲ್ಲ. ಸೋಲುವವನಿಗೆ ಎಷ್ಟು ಹೊತ್ತು ಕೊಟ್ಟಿರಿ ಅನ್ನುವುದು ನನ್ನ ಅಳತೆ. ರಾಜಕುಮಾರ್ ನಿಂತದ್ದು ಆ ಹೊತ್ತಿನಲ್ಲಿ, ‘ಮಹಾಭಾರತ್’ನ ಪಂಕಜ್ ಧೀರ್ ಕರ್ಣನಾಗಿ ಉಳಿದದ್ದೂ ಅಲ್ಲೇ. ಹೊಸ ನರಸಿಂಹ ಆ ಹೊತ್ತನ್ನು ಯುದ್ಧಕ್ಕೆ ಕೊಟ್ಟ. ಯುದ್ಧ ಭರ್ಜರಿಯಾಗಿತ್ತು ಅನ್ನುವುದನ್ನು ಇನ್ನೊಮ್ಮೆ ಹೇಳುತ್ತೇನೆ, ಇಲ್ಲದಿದ್ದರೆ ಅಕ್ಕನ ಮಗ ನನ್ನ ಜೊತೆ ಮಾತು ಬಿಡುತ್ತಾನೆ.

ಅವನಿಗೆ ಇನ್ನೊಂದು ಆಸೆ ಇದೆ. ಯಶ್ ರಾವಣನಾಗಿರುವ ‘ರಾಮಾಯಣ’. ಅಂಗಡಿಯಲ್ಲೇ ಟೀಸರ್ ತೋರಿಸಿದ. ಸೇಡಂನವರು ಎನ್‌ಟಿಆರ್ ಹೆಸರು ತೆಗೆದರು. ಚಾಚಾ ತಲೆ ಆಡಿಸಿದರು. ಮಾವ ಫೋನನ್ನು ಕನ್ನಡಕದ ಹತ್ತಿರ ಹಿಡಿದು ನೋಡಿ, "ಹುಡುಗ ಛಲೋ ಅದಾನ. ಮಾತು ಎಷ್ಟು ಕೊಟ್ಟಾರ?" ಅಂದರು. ಟೀಸರಿನಲ್ಲಿ ಅದೆಲ್ಲ ಗೊತ್ತಾಗಲ್ಲ ಅಜ್ಜ ಅಂದ ಹುಡುಗ.

ಮಾರನೆಯ ದಿನ ಗುಡಿಯ ಸಾಲಿನಲ್ಲಿ ನಿಂತಾಗಲೂ ಇವರಿಬ್ಬರದು ಅದೇ ಮಾತು. ಸಾಲು ಉದ್ದ ಇತ್ತು. ಹುಡುಗ 1983ರ ಸಿನಿಮಾವನ್ನು ಫೋನಿನಲ್ಲಿ ಹಾಕಿದ. ನರಸಿಂಹ ಬಂದಾಗ ಬಿದ್ದು ಬಿದ್ದು ನಕ್ಕ, ಅದು ಮುಖವಾಡ ಅಂತ ಗೊತ್ತಾಗುತ್ತದೆ ಅಂದ. ಮಾವ ಬೇಜಾರು ಮಾಡಿಕೊಳ್ಳಲಿಲ್ಲ. ಅಪ್ಪ ಮಗ ಇರುವ ಭಾಗಕ್ಕೆ ಹಿಂದೆ ಹೋಗು ಅಂದರು. ಅದನ್ನು ಮಾತ್ರ ಹುಡುಗ ನಗದೆ ನೋಡಿದ. ನಮ್ಮ ಮುಂದಿದ್ದ ಹೆಂಗಸೂ ತಿರುಗಿ ನೋಡಿದರು, ಸ್ವಲ್ಪ ಸೌಂಡ್ ಜಾಸ್ತಿ ಮಾಡು ತಮ್ಮಾ ಅಂದರು.

ಆ ವಾರವೇ ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಒಂದು ವಿಡಿಯೋ ಬಂತು. ಹುಡುಗ ಎರಡನ್ನೂ ಕತ್ತರಿಸಿ ಜೋಡಿಸಿದ್ದ. ಮಾತಾಡುವುದೆಲ್ಲ ರಾಜಕುಮಾರ್, ಕಂಬ ಒಡೆದ ಮೇಲೆ ಹೊಸ ಸಿಂಹದ ಟ್ರೇಲರ್. ಮಾವ ಊರಿನಿಂದ ವಾಯ್ಸ್ ಮೆಸೇಜ್ ಕಳಿಸಿದರು. ಛಲೋ ಅದ, ಆದರ ಪೇಟಿ ಎಲ್ಲಿ ಅದ, ಪೇಟಿ ಇಲ್ಲದ ಇಂವ ಒಳಗ ಹ್ಯಾಂಗ ಬಂದ ಅಂತ. ದಸರೆ ರಜೆಗೆ ಹಳ್ಳಿಗೆ ಬಂದು ನಿಮ್ಮದೇ ಮಾತು ರೆಕಾರ್ಡ್ ಮಾಡುತ್ತೇನೆ ಅಂದ ಹುಡುಗ, ಮೂವತ್ತು ಸೆಕೆಂಡ್ ಸಾಕು. ಮೂವತ್ತು ಸೆಕೆಂಡಿನಲ್ಲಿ ಸಾರಥಿ ಕೆಮ್ಮೋದೂ ಮುಗಿಯಂಗಿಲ್ಲ ಅಂತ ಮಾವನ ಉತ್ತರ. ಒಂದು ತಾಸಿನಿಂದ ಶುರುವಾದ ಅವರ ಚೌಕಾಸಿ ಈಗ ಹತ್ತು ನಿಮಿಷಕ್ಕೆ ಇಳಿದಿದೆ. ಹುಡುಗ ಒಂದೂವರೆಗೆ ಏರಿದ್ದಾನೆ.