ತಡೆ ತೆರವಾದಾಗ

ನೇಜಿಗೆಂದು ನೆನೆಹಾಕಿ ಗೋಣಿಯಲ್ಲಿ ಕಟ್ಟಿಟ್ಟ ಬಿತ್ತನೆ ಭತ್ತ ಬದಿಯಡ್ಕದ ನಮ್ಮ ಮನೆಯಲ್ಲಿ ಇಂದು ಮೊಳೆತಿದೆ. ಬಿಳಿ ಮೊಳಕೆ ಕಂಡರೆ ನನಗೆ ಜಿಬ್ಬರೆಲಿನ್ ನೆನಪಾಗುತ್ತದೆ. ನೀರು ಹೀರಿದ ಭ್ರೂಣ ಈ ಹಾರ್ಮೋನನ್ನು ಅಕ್ಕಿಯ ಸುತ್ತಲಿನ ತೆಳು ಪದರಕ್ಕೆ (ನಾವು ದನಕ್ಕೆ ಹಾಕುವ ತವುಡಿನಲ್ಲಿ ಈ ಪದರವೂ ಇದೆ) ಕಳುಹಿಸುತ್ತದೆ. ಅಲ್ಲಿನ ಜೀವಕೋಶಗಳಲ್ಲಿ ಡೆಲ್ಲಾ ಎಂಬ ಪ್ರೋಟೀನು ಜೀನುಗಳನ್ನು ತಡೆದು ಕುಳಿತಿರುತ್ತದೆ. ಹಾರ್ಮೋನು ತನ್ನ ಗ್ರಾಹಕಕ್ಕೆ (ಅದನ್ನು ಗುರುತಿಸಿ ಹಿಡಿಯುವ ಪ್ರೋಟೀನಿಗೆ) ಅಂಟಿಕೊಂಡಿತೋ, ಡೆಲ್ಲಾದ ಮೇಲೆ ನಾಶದ ಗುರುತು ಬಿದ್ದು ಜೀವಕೋಶವೇ ಅದನ್ನು ಒಡೆದುಹಾಕುತ್ತದೆ. ಆಗ ಅಮೈಲೇಸ್ ಕಿಣ್ವದ ಜೀನು ಚುರುಕಾಗುತ್ತದೆ, ಕಿಣ್ವವು ಪಿಷ್ಟವನ್ನು ಸಕ್ಕರೆಯಾಗಿಸಿ ಮೊಳಕೆಗೆ ಉಣಿಸುತ್ತದೆ.

ಹಾರ್ಮೋನು ಜೀನನ್ನು ನೇರವಾಗಿ ಮುಟ್ಟುವುದೇ ಇಲ್ಲ, ಅಡ್ಡ ನಿಂತದ್ದನ್ನು ತೆಗೆಸುತ್ತದೆ, ಅಷ್ಟೇ. ಎಷ್ಟು ಓದಿದರೂ ನನ್ನ ಬೆರಗು ಕಡಿಮೆಯಾಗಿಲ್ಲ. ಬೇರು ಕವಲೊಡೆಯಿಸುವ ಇನ್ನೊಂದು ಹಾರ್ಮೋನಾದ ಆಕ್ಸಿನ್‌ನದೂ ಹೆಚ್ಚುಕಡಿಮೆ ಇದೇ ದಾರಿ. ಅದರ ಗ್ರಾಹಕ ಯಾವುದೆಂದು ತಿಳಿದದ್ದು 2005ರಲ್ಲಿ. ಗದ್ದೆಗಳು ಅಡಿಕೆ ತೋಟಗಳಾಗುತ್ತಿರುವ ನಮ್ಮ ಕಾಸರಗೋಡಿನ ಮಕ್ಕಳಿಗೆ ಇದನ್ನು ಪುಸ್ತಕದ ಚಿತ್ರದಲ್ಲಲ್ಲ, ಭತ್ತದಲ್ಲೇ ತೋರಿಸಬೇಕು ಎಂಬುದು ನನ್ನ ಆಸೆ. ಜಿಬ್ಬರೆಲಿನ್‌ನ ಸುಳಿವು ಸಿಕ್ಕಿದ್ದೂ ಭತ್ತದಿಂದಲೇ. ಸಸಿಗಳನ್ನು ಅತಿಯಾಗಿ ಉದ್ದ ಬೆಳೆಸುವ ರೋಗಕ್ಕೆ ಶಿಲೀಂಧ್ರವೊಂದು ಸ್ರವಿಸುವ ವಸ್ತುವೇ ಕಾರಣವೆಂದು 1926ರಲ್ಲಿ ಜಪಾನಿನ ವಿಜ್ಞಾನಿ ಕುರೊಸಾವಾ ತೋರಿಸಿದ್ದರು.