ಎಂದರೆ ಸರಿ

ನಾನು ಓದಿದ ಕಾನೂನು ಕಾಲೇಜಿನ ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ಕೇಳಿದಾಗಲೆಲ್ಲ ನಾನು ಮುದ್ದತ್ತು ಕೇಳುತ್ತಾ ಬಂದೆ. ವಕೀಲನಿಗೆ ಅದು ರೂಢಿ. ಈ ಶ್ರಾವಣದಲ್ಲಿ ನಮ್ಮ ‘ಹೌದೋ ಅಲ್ಲೋ ಸರ್’ ತೀರಿಕೊಂಡರು. ಇನ್ನೊಂದು ಮುದ್ದತ್ತು ಕೇಳುವ ಮುಖ ನನಗೆ ಉಳಿಯಲಿಲ್ಲ.

ನಾನು ಸೇರಿದ್ದು 1996ರಲ್ಲಿ. ಆಗ ಕಲಬುರಗಿ ಸರ್ಕಾರಿ ಕಾಗದದಲ್ಲಿ ಇನ್ನೂ ಗುಲ್ಬರ್ಗ. ಮೂರು ವರ್ಷ ಓದಿದ್ದರಲ್ಲಿ ಅರ್ಧ ವಿಷಯಗಳ ಹೆಸರೇ ಮರೆತಿದೆ. ಜ್ಯೂರಿಸ್‌ಪ್ರುಡೆನ್ಸ್ ಎಂದರೆ ಬೆಳಗಿನ ನಿದ್ದೆಯ ಎರಡನೇ ಕಂತು ಎಂಬುದಷ್ಟೇ ನೆನಪು. ಸರ್ ಮಾತ್ರ ಮರೆತಿಲ್ಲ. ಬೆಳಿಗ್ಗೆ ನಮಗೆ ಸಾಕ್ಷ್ಯ ಕಾನೂನು ಹೇಳಿ, ಅದೇ ಕರಿಕೋಟಿನಲ್ಲಿ ಹಳೇ ಬಜಾಜ್ ಸ್ಕೂಟರ್ ಒದ್ದು ಕೋರ್ಟಿಗೆ ಹೋಗುತ್ತಿದ್ದರು. “ಬಾರ್ ಕೌನ್ಸಿಲ್‌ನವರು ವಕೀಲಗ ದಿನಕ್ಕ ಮೂರೇ ತಾಸು ಕಲಸ್ಲಾಕ ಬಿಟ್ಟಾರ. ಉಳಿದ ಇಪ್ಪತ್ತೊಂದು ತಾಸು ನೀವೇ ಕಲೀರಿ” ಎನ್ನುತ್ತಿದ್ದರು. ಅವರ ಚೀಲದಲ್ಲಿ 1872ರ ಸಾಕ್ಷ್ಯ ಕಾಯ್ದೆಯ ಜೊತೆಗೆ ಒಂದು ಪಂಚಾಂಗವೂ ಇರುತ್ತಿತ್ತು. ನಮ್ಮ ಕಡೆಯ ಸಾಕ್ಷಿಗಳು ತಾರೀಖು ಹೇಳುವುದಿಲ್ಲ. ಕಾರಹುಣ್ಣಿಮೆ, ಪಂಚಮಿ, ಎಳ್ಳಮಾಸಿ ಎನ್ನುತ್ತಾರೆ.

ಪಾಟೀ ಸವಾಲಿನಲ್ಲಿ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ವಕೀಲ ಪ್ರಶ್ನಿಸುವಾಗ, ಸಾಕ್ಷಿ ‘ಹೌದು’ ಅಥವಾ ‘ಅಲ್ಲ’ ಎನ್ನುವಂತೆಯೇ ಪ್ರಶ್ನೆ ಇರಬೇಕು ಎಂಬುದು ಅವರ ಮೊದಲ ಪಾಠ. ಆ ಹೆಸರು ಬಂದದ್ದೂ ಅದಕ್ಕೇ. ಸಾಕ್ಷಿ ಹೌದೆಂದರೆ ಕೋರ್ಟಿನ ಕಾಗದದಲ್ಲಿ ‘ಇಂಥದ್ದು ಎಂದರೆ ಸರಿ’ ಎಂದು ಟೈಪಾಗುತ್ತದೆ. ಸಾಕ್ಷಿಗೆ ‘ಯಾಕೆ’ ಎಂದು ಕೇಳಿದ ಹುಡುಗ ಅವತ್ತು ತರಗತಿ ಮುಗಿಯುವವರೆಗೆ ನಿಂತೇ ಇರಬೇಕು. ಆದರೆ ಆ ನಿಯಮ ಅವರೇ ಮುರಿದದ್ದನ್ನು ಸೆಷನ್ಸ್ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕುಳಿತು ನಾವು ನೋಡಿದೆವು. ಹೊಡೆದಾಟದ ಕೇಸು, ಸರ್ ಆರೋಪಿಯ ಪರ. ಆಳಂದ ಕಡೆಯ ರೈತನೊಬ್ಬ, ಪಂಚಮಿ ಮರುದಿನ ತೊಗರಿ ಹೊಲದಾಗ ಅಡಗಿ ಕುಂತು ಎಲ್ಲಾ ನೋಡೀನಿ ಎಂದು ಸಾಕ್ಷಿ ನುಡಿದಿದ್ದ. ಸರ್ ಎದ್ದರು.

“ಆ ವರ್ಷ ಮಳಿ ಹ್ಯಾಂಗಿತ್ತಪಾ?”

“ತಡಾ ಆಯ್ತ್ರಿ.”

“ಬಿತ್ತಿಗಿ?”

“ಅದೂ ತಡಾನೇ.”

“ಪಂಚಮಿಗೆ ತೊಗರಿ ಎಷ್ಟೆತ್ತರ ಬಂದಿತ್ತು?”

“ಎಲ್ಲಿದ್ರಿ, ಗೇಣು ಇರ್ಬೇಕು.”

ಸರ್ ಕುಳಿತುಬಿಟ್ಟರು. ಹಳ್ಳಿಯಿಂದ ಬಂದ ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದರು. ಸೂಪರ್ ಮಾರ್ಕೆಟ್‌ನಲ್ಲಿ ತೊಗರಿಬೇಳೆ ಮಾತ್ರ ಕಂಡಿದ್ದ ನನಗೆ ಅರ್ಥವಾಗಲು ಹೊರಗೆ ಬಂದು ಚಹಾ ಕುಡಿಯಬೇಕಾಯಿತು. ‘ಸರ್, ನೀವು ಹೌದೋ ಅಲ್ಲೋ ಕೇಳಲೇ ಇಲ್ಲ’ ಎಂದೆ. “ರೈತ ಮನಷ್ಯಾರ ಬಗ್ಗೆ ಸುಳ್ಳ ಹೇಳ್ತಾನ, ಬೆಳಿ ಬಗ್ಗೆ ಹೇಳೂದಿಲ್ಲ” ಎಂದರು. ಆಮೇಲೆ, ಗೇಣು ಅನ್ನುವ ಮಾತು ಗೇಣು ಅಂತಲೇ ಟೈಪಾಯಿತೋ ಇಲ್ಲವೋ ನೋಡಲು ಮತ್ತೆ ಒಳಗೆ ಹೋದರು. ಮೇಲ್ಮನವಿ ಕೇಳುವ ಹೈಕೋರ್ಟ್ ಆಗ ಬೆಂಗಳೂರಿನಲ್ಲಷ್ಟೇ ಇತ್ತು; ಇಲ್ಲಿ ಸಂಚಾರಿ ಪೀಠ ಬಂದದ್ದು 2008ರಲ್ಲಿ, ಅದು ಕಾಯಂ ಆದದ್ದು 2013ರಲ್ಲಿ. “ಬೆಂಗಳೂರಿಗಿ ಉದ್ಯಾನ್ ಎಕ್ಸ್‌ಪ್ರೆಸ್ಸಿನ್ಯಾಗ ಹೋಗೂದು ಕಾಗದ. ಸಾಕ್ಷಿ ಮಾರಿ ಇಲ್ಲೇ ಉಳೀತದ. ಕಾಗದದಾಗ ಏನದ ನೋಡ್ಕೋರಿ” ಎನ್ನುತ್ತಿದ್ದರು ಸರ್.

ಇನ್ನು ನನ್ನ ಪ್ರತಾಪ. ಕೊನೆಯ ವರ್ಷದ ಅಣಕು ವಿಚಾರಣೆಯಲ್ಲಿ ಸರ್ ನ್ಯಾಯಾಧೀಶರು, ನಾನು ಆರೋಪಿಯ ವಕೀಲ. ಕೇಸು ಸೈಕಲ್ ಕಳವಿನದು. ಎದುರು ಪಕ್ಷದ ಮುಖ್ಯ ಸಾಕ್ಷಿಯಾಗಿದ್ದ ಗೆಳೆಯನನ್ನು ಹಿಂದಿನ ಸಂಜೆ ಕ್ಯಾಂಟೀನಿಗೆ ಕರೆದೊಯ್ದು ಸುಸ್ಲಾ, ಮಿರ್ಚಿ ಭಜಿ ತಿನ್ನಿಸಿದ್ದೆ. ಮರುದಿನ ಅವನು ಕಟಕಟೆ ಹತ್ತಿ, “ಸೈಕಲ್ ನಾ ನೋಡೇ ಇಲ್ರಿ” ಎಂದ. ಸರ್ಕಾರಿ ವಕೀಲನಾಗಿದ್ದ ಹುಡುಗ ಬೆವೆತುಹೋದ. 154ನೇ ಕಲಮು ಇರುವುದೇ ಇಂಥ ಹೊತ್ತಿಗೆ, ತನ್ನ ಸಾಕ್ಷಿಯನ್ನೇ ಪಾಟೀ ಸವಾಲು ಮಾಡಲು ನ್ಯಾಯಾಲಯದ ಅನುಮತಿ ಕೇಳಬಹುದೆಂದು ಪಾಪ ಅವನಿಗೆ ಹೊಳೆಯಲಿಲ್ಲ. ನಾನು ಮೀಸೆಯಡಿ ನಗುತ್ತಿದ್ದೆ.

ಸರ್ ಪೀಠದಿಂದ ಇಳಿದು ಬಂದು ನನ್ನನ್ನು ಕಟಕಟೆಗೆ ಹತ್ತಿಸಿದರು. ಕೈಯಲ್ಲಿ ಕ್ಯಾಂಟೀನಿನ ಉದ್ರಿ ಪುಸ್ತಕ.

“ಇದರಾಗಿನ ಹೆಸರು ನಿಂದು ಎಂದರೆ?”

“ಸರಿ.”

“ನಿನ್ನೆ ಸಂಜಿ ಎರಡು ಪ್ಲೇಟ್ ಮಿರ್ಚಿ ಎಂದರೆ?”

“ಸರಿ.”

“ನಿನಗ ಹೊಟ್ಟಿ ಹುಣ್ಣು, ನೀ ಖಾರ ಮುಟ್ಟೂದಿಲ್ಲ ಎಂದರೆ?”

ಇಡೀ ತರಗತಿ ಒಂದೇ ದನಿಯಲ್ಲಿ ‘ಸರಿ’ ಎಂದಿತು. ಸಾಕ್ಷಿಯನ್ನು ಕೊಂಡೆಯಾ ಎಂದು ಅವರು ಕೇಳಲೇ ಇಲ್ಲ. ಪುಸ್ತಕ ಮುಚ್ಚಿ ಮತ್ತೆ ಪೀಠಕ್ಕೆ ಹೋಗಿ ಕುಳಿತರು.

ಈಗ ನನ್ನ ಕಚೇರಿಗೆ ಬರುವ ಹುಡುಗರು ಜಾಣರು. ತೀರ್ಪು ಬೇಕೆಂದರೆ ಮೊಬೈಲಿನಲ್ಲಿ ಕ್ಷಣದಲ್ಲಿ ತೆಗೆಯುತ್ತಾರೆ, 2024ರ ಜುಲೈ 1ರಿಂದ ಬಂದ ಹೊಸ ಸಾಕ್ಷ್ಯ ಅಧಿನಿಯಮದ ಕಲಮುಗಳನ್ನು ನನಗೇ ಹೇಳಿಕೊಡುತ್ತಾರೆ. ಆದರೆ ಕಡ್ಡಾಯದ ಕೋರ್ಟ್ ಡೈರಿಯನ್ನು ಕೋರ್ಟಿಗೆ ಕಾಲಿಡದೆ ಒಬ್ಬರದ್ದು ಇನ್ನೊಬ್ಬರು ನಕಲು ಮಾಡುತ್ತಾರೆ. ಅಣಕು ನ್ಯಾಯಾಲಯವೆಂದರೆ ಇಂಗ್ಲಿಷಿನಲ್ಲಿ ಬರೆದು ತಂದದ್ದನ್ನು ಓದುವುದು. ಸಾಕ್ಷಿ ‘ದೀಪ ಹಚ್ಚೋ ಹೊತ್ತಿಗಿ’ ಎಂದರೆ ಎಷ್ಟು ಗಂಟೆ ಎಂದು ನನ್ನ ಮುಖ ನೋಡುತ್ತಾರೆ. ನಾನು ಬೈಯುತ್ತೇನೆ. ಅವರು ಸಹಿಸಿಕೊಳ್ಳುತ್ತಾರೆ, ಹೇಳಿಕೊಳ್ಳಬಾರದು, ನನ್ನ ಪಾಟೀ ಸವಾಲು ಇದ್ದ ದಿನ ಬೇರೆ ಕಚೇರಿಯ ಜೂನಿಯರುಗಳೂ ಬಂದು ಹಿಂದೆ ನಿಲ್ಲುತ್ತಾರೆ.

ವಕೀಲರ ಸಂಘದ ಸಂತಾಪ ಸಭೆಯಲ್ಲಿ ನಾನೂ ನಾಲ್ಕು ಮಾತಾಡಿದೆ, ಮಿರ್ಚಿ ಕಥೆ ಹೇಳಿ ನಗಿಸಿದೆ. ಹೊರಗೆ ಚಪ್ಪಲಿ ಹುಡುಕುವಾಗ ಕ್ಯಾಂಟೀನಿನ ಕಾಕಾ ಸಿಕ್ಕರು. ಈಗ ಕಣ್ಣು ಮಂದ, ದನಿಯಲ್ಲಿ ಗುರುತು ಹಿಡಿದರು.

“ಅವತ್ತ ಸರ್‌ಗೆ ನಾ ಪುಸ್ತಕ ಕೊಡಂಗಿಲ್ಲ ಅಂದಿದ್ದೆ ನೋಡ್ರಿ ವಕೀಲ್ರ. ನಿಮ್ಮ ಬಾಕಿ ನಲವತ್ತೇಳು ರೂಪಾಯಿ ಇತ್ತು. ಸರ್ ಕೊಟ್ಟು, ಪುಸ್ತಕ ಒಯ್ದರು.”

ಇಪ್ಪತ್ತೈದು ವರ್ಷದ ಮೇಲಾಯಿತು. ಆ ಉದ್ರಿ ನಾನೇ ತೀರಿಸಿದ್ದೆನೆಂದು ಇಷ್ಟು ದಿನ ತಿಳಿದಿದ್ದೆ ಎಂದರೆ ಸರಿ. ನಲವತ್ತೇಳು ರೂಪಾಯಿ ಸರ್‌ಗೆ ಇನ್ನೂ ಬಾಕಿ ಎಂದರೆ, ಅದೂ ಸರಿ.