ಬಾಗಿಲ ಹತ್ತಿರ ನಿಂತು ಹೇಳೋ ಮಾತು

ನಾನು ಯೂನಿವರ್ಸಿಟಿ ಡಾಕ್ಟರು. ಇವತ್ತು ಹಾಸ್ಟೆಲ್ ಹುಡುಗಿಯೊಬ್ಬಳು ತಲೆಸುತ್ತು ಅಂತ ಬಂದಳು. ಕೆಳರೆಪ್ಪೆ ಎಳೆದು ನೋಡಿದರೆ ಒಳಗೆಲ್ಲ ಬಿಳಚಿಕೊಂಡಿದೆ.

"ಬೆಳಿಗ್ಗೆ ಏನಮ್ಮಾ ತಿಂದೆ?"
"ಟೀ ಕುಡಿದೆ ಮೇಡಂ."

ಹಿಮೋಗ್ಲೋಬಿನ್ 8 ಗ್ರಾಂ. ಈ ವಯಸ್ಸಿನ ಹೆಣ್ಣುಮಕ್ಕಳಿಗೆ 12 ಆದರೂ ಇರಬೇಕು. ಕಬ್ಬಿಣದ ಮಾತ್ರೆ ಯಾರೋ ಮೊದಲೇ ಕೊಟ್ಟಿದ್ದಾರೆ, ಇವಳು ಅದನ್ನ ಟೀ ಜೊತೆಗೇ ನುಂಗ್ತಿದ್ದಾಳೆ! ಟೀ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ. ನಿಂಬೆ ಪಾನಕದ ಜೊತೆ ತಗೋ ಅಂದೆ.

ಚೀಟಿ ಹಿಡ್ಕೊಂಡು ಹೊರಟವಳು ಬಾಗಿಲ ಹತ್ತಿರ ನಿಂತಳು.
"ಮೇಡಂ, ಇನ್ನೊಂದು... ರಾತ್ರಿ ನಿದ್ದೇನೇ ಬರ್ತಿಲ್ಲ."

ಯೂನಿವರ್ಸಿಟಿ ಡಾಕ್ಟರ ಅಸಲಿ ಕೆಲಸ ಶುರುವಾಗೋದೇ ಅಲ್ಲಿಂದ. ಮತ್ತೆ ಕೂರಿಸಿದೆ. ಏನು ಹೇಳಿದಳು ಅನ್ನೋದನ್ನ ಇಲ್ಲಿ ಬರೆಯಲ್ಲ, ಅದು ಅವಳದ್ದು. ಚೀಟಿ ಹಿಂದೆ ಟೆಲಿ ಮಾನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್ 14416 ಬರೆದುಕೊಟ್ಟೆ. ನಡುರಾತ್ರಿಯಲ್ಲೂ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ನನ್ನ ಜೊತೆ ಓದಿದವರು ಹೃದಯ, ಮೂಳೆ ಅಂತ ಸ್ಪೆಷಲಿಸ್ಟ್ ಆದರು. "ನೀನಿನ್ನೂ ಅಲ್ಲೇ ಇದ್ದೀಯಾ?" ಅಂತಾರೆ. ಅಮೆರಿಕದ ಆಮ್‌ಹರ್ಸ್ಟ್ ಕಾಲೇಜಲ್ಲಿ ಎಡ್ವರ್ಡ್ ಹಿಚ್‌ಕಾಕ್ ಅಂತ ಒಬ್ಬ ಡಾಕ್ಟರಿದ್ದರು, ಆಗೆಲ್ಲ ಅವರು ನೆನಪಾಗ್ತಾರೆ. 1861ರಲ್ಲಿ ವಿದ್ಯಾರ್ಥಿಗಳ ಆರೋಗ್ಯದ ಹೊಣೆ ಹೊತ್ತವರು 1911ರಲ್ಲಿ ತೀರಿಕೊಳ್ಳೋವರೆಗೂ ಆ ಕಾಲೇಜು ಬಿಡಲಿಲ್ಲ. ಯಾಕೆ ಬಿಡಲಿಲ್ಲ ಅಂತ ನನಗೆ ಚೆನ್ನಾಗಿ ಅರ್ಥವಾಗುತ್ತೆ. ಇಪ್ಪತ್ತರ ಮಕ್ಕಳು ಬೇಗ ಚೇತರಿಸಿಕೊಳ್ತಾರೆ, ಕೇಳೋರು ಒಬ್ಬರಿದ್ದರೆ ಇನ್ನೂ ಬೇಗ.

ಶುಕ್ರವಾರ ಮತ್ತೆ ಬಾ, ಬರುವಾಗ ತಿಂಡಿ ತಿಂದೇ ಬಾ ಅಂದಿದ್ದೀನಿ.